ಟಿವಿಯಲ್ಲಿ ಇಲ್ಲದ ಕೊನೆ: ಮಗಳ ಜೊತೆ ‘ಮಾಲ್ಗುಡಿ ಡೇಸ್’ ಮತ್ತೆ ನೋಡಿದ ಒಂದು ಪ್ರಕರಣ

ಈ ಪ್ರಕರಣದಲ್ಲಿ ಮುಖ್ಯವಾಗಿ ಇರುವವರು ಮೂರು ಜನ. ಏಳು ವರ್ಷದ ಮಗಳು, ಅವಳ ತಾಯಿಯಾದ ನಾನು, ಮತ್ತು ತೀರಿಕೊಂಡು ಬಹಳ ವರ್ಷಗಳಾದ ನನ್ನ ಅಜ್ಜಿ. ಜಾಗ ಕೋಲಾರ ಜಿಲ್ಲೆಯ ಬಂಗಾರಪೇಟೆ. ನಾನು ಚಿಕ್ಕವಳಿದ್ದಾಗ ನೋಡಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಮಗಳ ಜೊತೆ ಕೂತು ಮತ್ತೆ ನೋಡಿದೆ. ಅದರಲ್ಲಿ ಒಂದು ಕಂತಿನ ಕೊನೆ ನನ್ನ ನೆನಪಿನಲ್ಲಿದ್ದ ಹಾಗೆ ಇರಲಿಲ್ಲ. ಆ ಕಂತಿನಿಂದ ನಮ್ಮ ಮನೆಯಲ್ಲಿ ಏನೇನಾಯಿತು ಅನ್ನುವುದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ತಮ್ಮ ಕಾಲದ ಧಾರಾವಾಹಿಯನ್ನು ಮಕ್ಕಳಿಗೆ ತೋರಿಸಬೇಕು ಅನ್ನುವ ಆಸೆ ಇರುವ ಅಪ್ಪ ಅಮ್ಮಂದಿರು ತುಂಬ ಜನ ಇದ್ದಾರೆ. ಅವರಿಗೆ ಇದು ಕೆಲಸಕ್ಕೆ ಬರುತ್ತದೆ ಅಂತ ನನ್ನ ನಂಬಿಕೆ.

ಮನೆಯ ಪರಿಸ್ಥಿತಿ

ನಾನು ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ದಿನಾ ರೈಲಿನಲ್ಲೇ ಓಡಾಟ. ಬಂಗಾರಪೇಟೆಯಲ್ಲಿ ಇದು ಹೊಸ ವಿಷಯ ಅಲ್ಲ. ಕೆಜಿಎಫ್, ಮಾರಿಕುಪ್ಪಂ ಕಡೆಯಿಂದ ಬರುವ ರೈಲು ನಮ್ಮ ಸ್ಟೇಷನ್ ಮುಟ್ಟುವಷ್ಟರಲ್ಲೇ ತುಂಬಿರುತ್ತದೆ. ಟೇಕಲ್‌ನಲ್ಲಿ ಇನ್ನಷ್ಟು ಜನ, ಮಾಲೂರಿನಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಬೆಳಿಗ್ಗೆ ಮಗಳು ಏಳುವ ಹೊತ್ತಿಗೆ ನಾನು ಪ್ಲಾಟ್‌ಫಾರ್ಮ್ ಮೇಲೆ ಇರುತ್ತೇನೆ. ರಾತ್ರಿ ನಾನು ಮನೆಗೆ ಬರುವ ಹೊತ್ತಿಗೆ ಅವಳು ಮಲಗಿರುತ್ತಾಳೆ. ಮನೆಯವರದ್ದು ಶಿಫ್ಟ್ ಕೆಲಸ. ಮಗಳನ್ನು ನೋಡಿಕೊಳ್ಳುವುದು ನನ್ನ ಅಮ್ಮ.

ಹೀಗಾಗಿ ನಮಗೆ ಸಿಗುವುದು ಭಾನುವಾರ. ಆ ದಿನ ಇಬ್ಬರೂ ಸೇರಿ ಏನಾದರೂ ಒಂದು ಮಾಡಬೇಕು, ಅದು ನಮ್ಮಿಬ್ಬರದ್ದೇ ಆಗಿರಬೇಕು ಅಂತ ನನಗೆ ಆಸೆ. ಮೊಬೈಲ್‌ನಲ್ಲಿ ಅವಳು ನೋಡುವ ಕಾರ್ಟೂನ್‌ಗಳ ಪಕ್ಕ ನಾನು ಎಷ್ಟೇ ಹೊತ್ತು ಕೂತರೂ ಅವಳಿಗೆ ನನ್ನ ಅಗತ್ಯ ಇರುವುದಿಲ್ಲ. ಅದು ಅದರ ಪಾಡಿಗೆ ಓಡುತ್ತದೆ, ಅವಳು ಅವಳ ಪಾಡಿಗೆ ನಗುತ್ತಾಳೆ. ಅದಕ್ಕೇ ‘ಮಾಲ್ಗುಡಿ ಡೇಸ್’ ತೋರಿಸೋಣ ಅನ್ನಿಸಿತು. ಹುಡುಕಿದರೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ಒಂದು ಕಂತು ಅರ್ಧ ಗಂಟೆಗಿಂತ ಕಡಿಮೆ. ಹೊಡೆದಾಟ ಇಲ್ಲ, ಕಿರುಚಾಟ ಇಲ್ಲ.

ಅಜ್ಜಿ ಹೇಳುತ್ತಿದ್ದ ಮಾಲ್ಗುಡಿ

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇದು ಗೊತ್ತಿಲ್ಲದೆ ಮುಂದಿನದ್ದು ಅರ್ಥವಾಗುವುದಿಲ್ಲ.

‘ಮಾಲ್ಗುಡಿ ಡೇಸ್’ ಆರ್.ಕೆ. ನಾರಾಯಣ್ ಅವರ ಕಥೆಗಳಿಂದ ಆದ ಧಾರಾವಾಹಿ. ನಿರ್ದೇಶನ ಶಂಕರ್‌ನಾಗ್ ಅವರದ್ದು. 1980ರ ದಶಕದ ನಡುವೆ ಆಗುಂಬೆಯಲ್ಲಿ ಚಿತ್ರೀಕರಣ ಮಾಡಿದರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್. ಶುರುವಿನ ಚಿತ್ರಗಳನ್ನು ಬರೆದವರು ನಾರಾಯಣ್ ಅವರ ತಮ್ಮ ಆರ್.ಕೆ. ಲಕ್ಷ್ಮಣ್. ಎಲ್ಲರ ಬಾಯಲ್ಲೂ ಇರುವ ಆ ‘ತಾನನ ತಾನನ’ ರಾಗ ಎಲ್. ವೈದ್ಯನಾಥನ್ ಅವರದ್ದು. ಮಾಡಿದವರಲ್ಲಿ, ನಟಿಸಿದವರಲ್ಲಿ ಬಹಳಷ್ಟು ಮಂದಿ ನಮ್ಮವರೇ. ಊರೂ ನಮ್ಮದೇ. ಆದರೆ ಅದು ದೇಶಕ್ಕೆಲ್ಲ ಹೋಗುವ ದೂರದರ್ಶನದ ಕಾರ್ಯಕ್ರಮ, ಹಾಗಾಗಿ ನಮಗೆ ಕೇಳಿಸಿದ ಮಾತು ಮಾತ್ರ ಹಿಂದಿ.

ನಾನು ನೋಡಿದ್ದು ಮರುಪ್ರಸಾರದಲ್ಲಿ, ಕಪ್ಪು ಬಿಳುಪಿನ ಟಿವಿಯಲ್ಲಿ. ಮನೆಯಲ್ಲಿ ಯಾರಿಗೂ ಹಿಂದಿ ಬರುತ್ತಿರಲಿಲ್ಲ. ಅಜ್ಜಿ ಮುಳಬಾಗಿಲು ಕಡೆಯವರು. ಅವರ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಕೋಲಾರದ ಕಡೆ ಇದು ಮಾಮೂಲಿ. ಆದರೆ ಟಿವಿ ಹಾಕಿದ ತಕ್ಷಣ ಕಥೆ ಹೇಳುವ ಜವಾಬ್ದಾರಿ ಅವರದ್ದೇ. ಚಳಿಗಾಲದಲ್ಲಿ ಮುಂದೆ ಒಂದು ದಬರಿ ತುಂಬ ನೆನೆಹಾಕಿದ ಅವರೆಕಾಳು ಇರುತ್ತಿತ್ತು. ಹೆಬ್ಬೆರಳು ತೋರುಬೆರಳಿನ ಮಧ್ಯೆ ಕಾಳು ಹಿಡಿದು ಅಮುಕುವುದು, ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಕಣ್ಣು ಮಾತ್ರ ಟಿವಿ ಮೇಲೆ. ಕೈ ನಿಲ್ಲುತ್ತಿರಲಿಲ್ಲ, ಬಾಯಿಯೂ ನಿಲ್ಲುತ್ತಿರಲಿಲ್ಲ. ‘ನೋಡು, ಈಗ ಆ ಹುಡುಗ ಸುಳ್ಳು ಹೇಳ್ತಾನೆ.’ ‘ಅವರಪ್ಪಂಗೆ ಗೊತ್ತಾಗಿದೆ, ಸುಮ್ನೆ ಕೂತಿದಾನೆ.’ ಮುಖ ನೋಡಿಯೇ ಅವರಿಗೆ ಎಲ್ಲ ತಿಳಿಯುತ್ತಿತ್ತು. ಬೇಳೆ ಹಿತಕುವ ಕೈ ಒಂದು ಕ್ಷಣ ನಿಂತಿತು ಅಂದರೆ ಮುಂದೆ ಏನೋ ದೊಡ್ಡದು ಇದೆ ಅಂತ ನನಗೆ ಗೊತ್ತಾಗುತ್ತಿತ್ತು.

ಹೆಸರುಗಳನ್ನೂ ಅಜ್ಜಿ ನಮ್ಮ ಕಡೆಗೆ ತಿರುಗಿಸಿಕೊಂಡಿದ್ದರು. ವೆಂಕಟರಾವ್ ಅನ್ನುವ ಗುಮಾಸ್ತ ನಮ್ಮ ಮನೆಯಲ್ಲಿ ವೆಂಕಟ್ರಾಯಪ್ಪ ಆಗಿದ್ದ. ಆಫೀಸಿನ ಮ್ಯಾನೇಜರು ಸಾವ್ಕಾರ. ಮಾಲ್ಗುಡಿಯ ಸರಯೂ ಹೊಳೆ ಸುಮ್ನೆ ‘ಕೆರೆ’. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಎಲ್ಲಿದೆ ಹೇಳಿ. ನನಗೆ ಆ ಧಾರಾವಾಹಿ ಅಂದರೆ ಅಜ್ಜಿ ಹೇಳಿದ್ದು. ಪರದೆಯ ಮೇಲಿನ ಮಾತು ಹಿನ್ನೆಲೆಯ ಸದ್ದು, ಅಷ್ಟೇ.

ದೊಡ್ಡವಳಾದ ಮೇಲೆ ಕೆಲಸದ ಜಾಗದಲ್ಲಿ ಹಿಂದಿ ಕಲಿತೆ. ಆದರೆ ಈ ಕಂತುಗಳನ್ನು ಮತ್ತೆ ನೋಡಿರಲಿಲ್ಲ. ಮಗಳಿಗೆ ತೋರಿಸಬೇಕು ಅಂತ ಹೊರಟಾಗಲೇ ಮಾತು ಅರ್ಥವಾಗಿ ನೋಡಿದ್ದು.

ಮೊದಲ ಭಾನುವಾರಗಳು

ಸ್ವಾಮಿ ಕಳ್ಳನ ಕಾಲು ಕಚ್ಚುವ ಕಂತಿನಿಂದ ಶುರು ಮಾಡಿದೆವು. ಕಥೆ ನಿಮಗೆ ನೆನಪಿರಬಹುದು. ಧೈರ್ಯ ಇದ್ದರೆ ಸಾಕು, ಚಿಕ್ಕವರೂ ಏನು ಬೇಕಾದರೂ ಮಾಡಬಹುದು ಅಂತ ಅಪ್ಪ ಹೇಳುತ್ತಾನೆ. ಹಾಗಾದರೆ ಇವತ್ತು ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ಅಂತ ಸ್ವಾಮಿಗೆ ಸವಾಲು ಹಾಕುತ್ತಾನೆ. ಅಜ್ಜಿಯ ಮಗ್ಗುಲಲ್ಲಿ ಮಲಗುವ ಹುಡುಗ ಕತ್ತಲಲ್ಲಿ ನಡುಗುತ್ತಾ ಬೆಂಚಿನ ಕೆಳಗೆ ಸೇರಿಕೊಳ್ಳುತ್ತಾನೆ. ಯಾವುದೋ ಪಿಶಾಚಿ ಬಂತು ಅಂತ ಸಿಕ್ಕಿದ ಕಾಲನ್ನು ಹಿಡಿದು ಕಚ್ಚುತ್ತಾನೆ. ಅದು ನೋಡಿದರೆ ಕಳ್ಳನ ಕಾಲು.

ಮಗಳಿಗೆ ಹಿಂದಿ ಬರುವುದಿಲ್ಲ. ಮೊದಲ ಕೆಲವು ನಿಮಿಷದಲ್ಲೇ, ‘ಇವರು ಯಾಕೆ ಹಿಂದಿ ಮಾತಾಡ್ತಾರೆ? ಮನೆ ನೋಡಿದ್ರೆ ನಮ್ಮ ಥರ ಇದೆ’ ಅಂದಳು. ಒಳ್ಳೆ ಪ್ರಶ್ನೆ, ಅಲ್ವಾ? ನಾನು ಎಲ್ಲ ಹೇಳಿದೆ. ಇದನ್ನು ಮಾಡಿದವರು ಶಂಕರ್‌ನಾಗ್ ಅಂದಾಗ ಅವಳ ಮುಖ ಅರಳಿತು. ‘ಆಟೋ ಮೇಲೆ ಇರ್ತಾರಲ್ಲ, ಅವರಾ?’ ಹೌದು, ಅವರೇ. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡವರನ್ನು ಈಗಿನ ಏಳು ವರ್ಷದ ಮಗು ಆಟೋ ಹಿಂದಿನ ಚಿತ್ರದಿಂದ ಗುರುತು ಹಿಡಿಯುತ್ತದೆ ಅಂದರೆ ನನಗೆ ನಿಜಕ್ಕೂ ಹೆಮ್ಮೆ. ಅವತ್ತಿನಿಂದ ಅದು ‘ಆಟೋ ಅಂಕಲ್ ಮಾಡಿದ ಟಿವಿ’.

ಅವಳ ಇನ್ನೊಂದು ಅಚ್ಚರಿ ಆ ಹಸಿರು. ಬಂಗಾರಪೇಟೆಯ ಮಕ್ಕಳಿಗೆ ಅದು ಸುಮ್ಮನೆ ನಂಬುವ ಬಣ್ಣ ಅಲ್ಲ. ನಮ್ಮ ಕೋಲಾರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಆಗುಂಬೆಯಲ್ಲಿ 7000ಕ್ಕೂ ಜಾಸ್ತಿ. ಹತ್ತು ಪಟ್ಟು ಅಂದಾಗ ಅವಳು ಬೆರಳು ಮಡಿಸಿ ಎಣಿಸಿ ನೋಡಿದಳು.

ಆಮೇಲೆ ಮುದುಕ ಮುನಿಯ ಕುದುರೆ ಮತ್ತು ಮೇಕೆಗಳ ಕಂತು. ಒಬ್ಬ ವಿದೇಶಿ ಊರ ಹೊರಗಿನ ಮಣ್ಣಿನ ಕುದುರೆಯನ್ನು ಕೊಳ್ಳುತ್ತಿದ್ದೇನೆ ಅಂದುಕೊಳ್ಳುತ್ತಾನೆ. ಮುನಿ ತನ್ನ ಮೇಕೆಗಳನ್ನು ಮಾರುತ್ತಿದ್ದೇನೆ ಅಂದುಕೊಳ್ಳುತ್ತಾನೆ. ಒಬ್ಬರ ಮಾತು ಒಬ್ಬರಿಗೆ ಗೊತ್ತಿಲ್ಲ. ಅದನ್ನು ನೋಡಿ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇನ್ನು ಕೆಲವು ಕಂತುಗಳು ಅವಳಿಗೆ ಹಿಡಿಸಲಿಲ್ಲ. ದೊಡ್ಡವರು ದುಡ್ಡಿನ ವಿಷಯ ಮಾತಾಡುವ ಕಡೆ ಎದ್ದು ಹೋದಳು. ಹೋಗಲಿ ಅಂತ ಬಿಟ್ಟೆ. ನಮಗೆ ಇಷ್ಟವಾಗಿದ್ದೆಲ್ಲ ಅವರಿಗೂ ಇಷ್ಟವಾಗಲೇಬೇಕು ಅಂತ ಹಿಡಿದು ಕೂರಿಸಿದರೆ ಅದು ಮನೆಪಾಠ ಆಗಿಬಿಡುತ್ತದೆ.

ಈ ಭಾನುವಾರಗಳಲ್ಲಿ ನಾನು ಗಮನಿಸಿದ್ದು ಒಂದು. ಮಾತು ಅರ್ಥವಾಗದಿರುವುದು ಅಡ್ಡಿ ಆಗಲಿಲ್ಲ. ಅದರಿಂದಲೇ ಅವಳು ನನ್ನ ತೋಳಿಗೆ ಅಂಟಿಕೊಂಡು ಕೂತಳು. ಪ್ರತಿ ನಿಮಿಷಕ್ಕೆ ‘ಈಗ ಏನಂದ?’ ಅಂತ ಕೇಳಿದಳು. ನಾನು ನಿಲ್ಲಿಸಿ ಹೇಳಿದೆ. ಎಷ್ಟೋ ಸಲ ನಾನು ಹೇಳುವ ಮೊದಲೇ ಮುಖ ನೋಡಿ ಅವಳೇ ಊಹಿಸಿದಳು, ಅದು ಸರಿಯಾಗಿಯೇ ಇತ್ತು. ಕನ್ನಡದಲ್ಲಿ ಇದ್ದಿದ್ದರೆ ಇಷ್ಟು ಮಾತು ನಮ್ಮ ನಡುವೆ ಆಗುತ್ತಿರಲಿಲ್ಲ ಅಂತ ನನಗೆ ಖಾತ್ರಿ.

ಗುಮಾಸ್ತನ ಮಗಳ ಕಂತು

ಪ್ರಕರಣದ ಮುಖ್ಯ ಭಾಗ ಇದು.

ನಲವತ್ತೈದು ರೂಪಾಯಿ ಸಂಬಳದ ಕಥೆ. ವೆಂಕಟರಾವ್ ಒಂದು ಆಫೀಸಿನಲ್ಲಿ ಗುಮಾಸ್ತ. ಬೆಳಿಗ್ಗೆ ಹೋದರೆ ರಾತ್ರಿ ಬರುವುದು. ಮಗಳು ಶಾಂತಾ ಚಿಕ್ಕವಳು. ಇವತ್ತು ಸಂಜೆ ಸಿನಿಮಾಗೆ ಕರೆದುಕೊಂಡು ಹೋಗುತ್ತೇನೆ ಅಂತ ಅಪ್ಪ ಮಾತು ಕೊಟ್ಟಿದ್ದಾನೆ. ಅವಳು ಶಾಲೆಯಿಂದ ಬೇಗ ಬಂದು, ತಲೆ ಬಾಚಿಸಿಕೊಂಡು, ಒಳ್ಳೆ ಫ್ರಾಕ್ ಹಾಕಿಕೊಂಡು ಕಾಯುತ್ತಾಳೆ. ಅಪ್ಪ ಬರುವುದಿಲ್ಲ. ತಾನೇ ಆಫೀಸು ಹುಡುಕಿಕೊಂಡು ಹೊರಟು ದಾರಿ ತಪ್ಪಿಸಿಕೊಳ್ಳುತ್ತಾಳೆ. ಅತ್ತ ಆಫೀಸಿನಲ್ಲಿ ಅಪ್ಪ ರಜೆ ಕೇಳುತ್ತಾನೆ, ಸಿಗುವುದಿಲ್ಲ. ಸಿಟ್ಟು ಬಂದು ರಾಜೀನಾಮೆ ಬರೆಯುತ್ತಾನೆ. ಆಗ ಐದು ರೂಪಾಯಿ ಸಂಬಳ ಏರಿಸಿದ ಸುದ್ದಿ ಬರುತ್ತದೆ. ನಲವತ್ತು ಇದ್ದದ್ದು ನಲವತ್ತೈದು. ರಾಜೀನಾಮೆ ಅಲ್ಲಿಗೇ ಮುಗಿಯಿತು. ರಾತ್ರಿ ಮನೆಗೆ ಬಂದರೆ ಶಾಂತಾ ಅದೇ ಫ್ರಾಕ್‌ನಲ್ಲಿ ಮಲಗಿದ್ದಾಳೆ.

ಮಗಳಿಗೆ ತೋರಿಸುವ ಮೊದಲು ಪ್ರತಿ ಕಂತನ್ನೂ ನಾನು ರೈಲಿನಲ್ಲಿ ಒಮ್ಮೆ ನೋಡಿಕೊಳ್ಳುತ್ತಿದ್ದೆ. ಇದನ್ನೂ ಹಾಗೇ ನೋಡಿದೆ. ಮಗು ಮಲಗಿದಲ್ಲಿಗೆ ಕಂತು ಮುಗಿದುಹೋಯಿತು. ನಾನು ಇನ್ನೂ ಕಾಯುತ್ತಿದ್ದೆ. ನನ್ನ ನೆನಪಿನಲ್ಲಿ ಇದಾದ ಮೇಲೆ ಇನ್ನೂ ಇತ್ತು. ಮಾರನೇ ದಿನ ಸಾವ್ಕಾರನಿಗೆ ಜ್ವರ ಬರುತ್ತದೆ. ಆಫೀಸಿಗೆ ಬೀಗ. ವೆಂಕಟ್ರಾಯಪ್ಪ ಮಗಳನ್ನು ಎಬ್ಬಿಸಿ, ಚಿಕ್ಕ ರೈಲು ಹತ್ತಿಸಿಕೊಂಡು ಕೋಲಾರಕ್ಕೆ ಕರೆದುಕೊಂಡು ಹೋಗುತ್ತಾನೆ. ಸಿನಿಮಾ ತೋರಿಸುತ್ತಾನೆ. ಆಮೇಲೆ ಹೋಟೆಲಿನಲ್ಲಿ ಮಸಾಲೆ ದೋಸೆ. ಇಬ್ಬರೂ ಕೊನೇ ರೈಲಿಗೆ ವಾಪಸು. ಇದೆಲ್ಲ ನನ್ನ ಕಣ್ಣಿಗೆ ಕಟ್ಟಿದ ಹಾಗೆ ಇದೆ. ಶಾಂತಾ ರೈಲಿನ ಕಿಟಕಿಯಿಂದ ಕೈ ಹೊರಗೆ ಹಾಕಿದ್ದು ಕೂಡ.

ಕಂತು ತುಂಡಾಗಿದೆಯೇನೋ ಅಂತ ನಾರಾಯಣ್ ಅವರ ಮೂಲ ಕಥೆಯನ್ನೇ ಓದಿದೆ. ಅಲ್ಲೂ ಇಲ್ಲ. ಅಲ್ಲಿ ಅಪ್ಪ ರಾತ್ರಿ ಆಟಕ್ಕಾದರೂ ಕರೆದೊಯ್ಯೋಣ ಅಂತ ಮಗುವನ್ನು ಅಲುಗಾಡಿಸುತ್ತಾನೆ. ಮಗು ಕಾಲು ಝಾಡಿಸಿ ಅಳುತ್ತದೆ. ಎಬ್ಬಿಸಬೇಡಿ ಅಂತ ತಾಯಿ ತಟ್ಟಿ ಮಲಗಿಸುತ್ತಾಳೆ. ಸಂಬಳ ಏರಿಸಿದ್ದಾರೆ, ಇನ್ನು ಮುಂದೆ ಇವಳನ್ನು ಹೊರಗೆ ಕರೆದೊಯ್ಯಲು ಆಗುತ್ತದೋ ಇಲ್ಲವೋ ಅಂತ ಅಪ್ಪ ಗೋಳಾಡುವಲ್ಲಿಗೆ ಕಥೆ ಮುಗಿಯುತ್ತದೆ.

ಅಂದರೆ ಸಾವ್ಕಾರನ ಜ್ವರ, ಚಿಕ್ಕ ರೈಲು, ಮಸಾಲೆ ದೋಸೆ ಎಲ್ಲ ಅಜ್ಜಿಯದ್ದು. ಟಿವಿಯಲ್ಲಿ ಹೆಸರುಗಳು ಓಡುತ್ತಿರುವಾಗ ಅಜ್ಜಿ ಕಥೆ ಮುಂದುವರಿಸಿದ್ದರು. ನಾನು ಅದನ್ನೂ ಟಿವಿಯಲ್ಲೇ ನೋಡಿದೆ ಅಂತ ಇಷ್ಟು ವರ್ಷ ನಂಬಿದ್ದೆ.

ಅಮ್ಮನನ್ನು ಕೇಳಿದೆ. ಅಮ್ಮ ಬಹಳ ಹೊತ್ತು ಯೋಚನೆ ಮಾಡಿ ಹೇಳಿದರು: ‘ನಮ್ಮಪ್ಪ ಮಂಡಿಯಲ್ಲಿ ಲೆಕ್ಕ ಬರೀತಿದ್ರು. ಸಾವ್ಕಾರಂಗೆ ಜ್ವರ ಬಂದು ಮಂಡಿ ಮುಚ್ಚಿದ್ದು ನಿಜ. ಅವತ್ತು ಅಪ್ಪ ನನ್ನನ್ನ ಕೋಲಾರಕ್ಕೆ ಕರ್ಕೊಂಡ್ ಹೋಗಿದ್ರು. ಸಿನಿಮಾ ನೋಡಿದ್ವಾ ಇಲ್ವಾ ನೆನಪಿಲ್ಲ. ದೋಸೆ ತಿಂದಿದ್ದು ನೆನಪಿದೆ.’ ಅಜ್ಜಿ ಗಾಳಿಯಿಂದ ಕಥೆ ಹೆಣೆದಿರಲಿಲ್ಲ. ತಮ್ಮ ಮನೆಯಲ್ಲಿ ಒಮ್ಮೆ ನಡೆದದ್ದನ್ನು ತಂದು ಮಾಲ್ಗುಡಿಗೆ ಸೇರಿಸಿದ್ದರು. ಮಲಗಿದ ಮಗುವನ್ನು ಹಾಗೇ ಬಿಟ್ಟು ಟಿವಿ ಆರಿಸಲು ಅವರಿಗೆ ಮನಸ್ಸು ಬಂದಿರಲಿಲ್ಲ. ಪಕ್ಕದಲ್ಲಿ ನಾನು ಕೂತಿದ್ದೆ.

ತೋರಿಸುವುದಾ, ಬೇಡವಾ?

ಈ ಕಂತನ್ನು ಮಗಳಿಗೆ ತೋರಿಸಬೇಕಾ ಅನ್ನುವುದೇ ಒಂದು ದೊಡ್ಡ ವಿಚಾರ ಆಯಿತು. ದಿನಾ ರಾತ್ರಿ ತಡವಾಗಿ ಬರುವ ತಾಯಿಯ ಮಗಳು ಇದನ್ನು ನೋಡಿದರೆ ಏನಾಗುತ್ತದೆ? ಮನೆಯವರು ಬೇಡ ಅಂದರು. ಇನ್ನೂ ಚಿಕ್ಕವಳು, ಸುಮ್ನೆ ನೋವು ಯಾಕೆ ಅಂತ. ಅಮ್ಮ ತೋರಿಸು ಅಂದರು, ಆದರೆ ‘ಅಜ್ಜಿ ಹೇಳಿದ ಥರ ಹೇಳಿ ಮುಗಿಸು’ ಅಂದರು. ಎರಡೂ ಮಾತಿನಲ್ಲಿ ಪ್ರೀತಿ ಇದೆ.

ನಾನು ಯೋಚಿಸಿದ್ದು ಬೇರೆ. ಅವಳ ಬದುಕಿನಲ್ಲಿ ಇರುವ ವಿಷಯವೇ ಕಥೆಯಲ್ಲಿದೆ. ಅದನ್ನು ಮುಚ್ಚಿಟ್ಟರೆ ಆ ವಿಷಯ ಇಲ್ಲವಾಗುವುದಿಲ್ಲ, ಅದರ ಬಗ್ಗೆ ಮಾತಾಡುವ ಒಂದು ಅವಕಾಶ ಇಲ್ಲವಾಗುತ್ತದೆ. ಇನ್ನು ಅಜ್ಜಿಯ ಕೊನೆ. ಅಜ್ಜಿಯ ಕಾಲದಲ್ಲಿ ಹಿಂದಿ ಗೊತ್ತಿಲ್ಲದ ಮನೆಯಲ್ಲಿ ಅದು ನಡೆಯಿತು. ಇವಳು ಮುಂದೆ ಹಿಂದಿ ಕಲಿಯುತ್ತಾಳೆ, ಕಥೆ ಓದುತ್ತಾಳೆ. ಟಿವಿಯಲ್ಲಿ ಇರುವುದು ಇದು, ಅಜ್ಜಿ ಹೇಳಿದ್ದು ಇದು ಅಂತ ಎರಡನ್ನೂ ಬೇರೆ ಬೇರೆಯಾಗಿ ಕೊಡಬೇಕು ಅಂತ ತೀರ್ಮಾನ ಮಾಡಿದೆ. ಎರಡೂ ಅವಳಿಗೆ ಸೇರಿದ್ದೇ ಅಲ್ವಾ.

ಆ ಭಾನುವಾರ

ಮಧ್ಯಾಹ್ನ ಊಟ ಆದ ಮೇಲೆ ಹಾಕಿದೆ. ಅಮ್ಮನೂ ಕೂತರು. ಶಾಂತಾ ಅಲಂಕಾರ ಮಾಡಿಕೊಂಡು ಕಾಯುವ ಕಡೆ ಮಗಳು ಏನೂ ಕೇಳಲಿಲ್ಲ. ‘ಈಗ ಏನಂದ?’ ಇಲ್ಲ. ದಾರಿ ತಪ್ಪಿದಾಗ ಮಾತ್ರ, ‘ಯಾರನ್ನಾದ್ರೂ ಕೇಳ್ಬೇಕಿತ್ತು’ ಅಂದಳು. ಐದು ರೂಪಾಯಿ ವಿಷಯ ನಾನು ವಿವರಿಸಿದೆ. ಆಗಿನ ಕಾಲಕ್ಕೆ ಅದು ಸಣ್ಣ ಮೊತ್ತ ಅಲ್ಲ, ಎಂಟು ರೂಪಾಯಿಗೆ ಒಂದು ರೂಪಾಯಿ ಜಾಸ್ತಿ ಸಿಕ್ಕಂತೆ ಅಂದೆ. ತಲೆ ಆಡಿಸಿದಳು.

ಕೊನೆಯಲ್ಲಿ ಮಲಗಿದ ಶಾಂತಾಳನ್ನು ನೋಡಿ ಮಗಳು ನಿಲ್ಲಿಸು ಅಂದಳು. ನಿಲ್ಲಿಸಿದೆ. ಪರದೆ ಹತ್ತಿರ ಹೋಗಿ ನೋಡಿದಳು.

‘ಇವಳು ನಿಜವಾಗ್ಲೂ ಮಲಗಿಲ್ಲ.’

‘ಮಲಗಿದಾಳೆ ಕಣೆ. ಕಾದು ಕಾದು ಸುಸ್ತಾಗಿದೆ.’

‘ಇಲ್ಲ. ನಿದ್ದೆ ಥರ ಮಾಡ್ತಿದಾಳೆ. ಅಪ್ಪನ ಮೇಲೆ ಕೋಪ.’

‘ನಿಂಗೆ ಹೇಗೆ ಗೊತ್ತು?’

‘ನಾನೂ ಮಾಡ್ತೀನಲ್ಲ.’

ನಾನು ಅಮ್ಮನ ಕಡೆ ನೋಡಿದೆ. ಅವರು ಸೆರಗಿನ ತುದಿ ಮಡಿಸುತ್ತಾ ಕೂತಿದ್ದರು. ಮಗಳಿಗೆ ಮಾತ್ರ ಯಾವ ಮುಜುಗರವೂ ಇರಲಿಲ್ಲ. ಶಾಂತಾಳ ವಿಷಯ ವಿವರಿಸುವ ಹುರುಪಿನಲ್ಲಿ ತನ್ನದನ್ನೂ ಹೇಳಿಬಿಟ್ಟಳು. ಗೇಟಿನ ಚಿಲಕದ ಸದ್ದು ಕೇಳಿದ ತಕ್ಷಣ ಕಣ್ಣು ಮುಚ್ಚಿಕೊಳ್ಳುತ್ತಾಳಂತೆ. ನಾನು ಬಂದು ಚೀಲ ಇಡುವುದು, ಕೈಕಾಲು ತೊಳೆಯುವುದು, ಅಮ್ಮನ ಹತ್ತಿರ ‘ಊಟ ಮಾಡಿದ್ಲಾ’ ಅಂತ ಕೇಳುವುದು ಎಲ್ಲ ಕೇಳಿಸುತ್ತದಂತೆ. ಆಮೇಲೆ ಪಕ್ಕದಲ್ಲಿ ಕೂತು ಕೂದಲು ಸವರುತ್ತೇನಲ್ಲ, ಆಗಲೂ ಎಚ್ಚರ ಇರುತ್ತದಂತೆ. ಕಣ್ಣು ಬಿಟ್ಟರೆ ಅಳು ಬರುತ್ತದೆ, ಅದಕ್ಕೆ ಬಿಡುವುದಿಲ್ಲ. ‘ಆಮೇಲೆ ನಿಜವಾದ ನಿದ್ದೆ ಬರುತ್ತೆ’ ಅಂತ ಮುಗಿಸಿದಳು.

ನನ್ನ ಗಂಟಲು ಕಟ್ಟಿತು. ಆದರೆ ಅವಳು ಅಷ್ಟು ಸಲೀಸಾಗಿ ಹೇಳುತ್ತಿರುವಾಗ ನಾನು ಅತ್ತರೆ ಇನ್ನು ಮುಂದೆ ಹೇಳುವುದಿಲ್ಲ ಅನ್ನಿಸಿತು. ‘ಹಾಗಾದ್ರೆ ಶಾಂತಾ ಏನು ಮಾಡ್ಬೇಕಿತ್ತು?’ ಅಂತ ಕೇಳಿದೆ. ‘ಕೋಪ ಬಂದಿದೆ ಅಂತ ಹೇಳ್ಬೇಕಿತ್ತು. ಆದ್ರೆ ಪಾಪ, ಅಪ್ಪಂಗೂ ಸುಸ್ತಾಗಿರುತ್ತಲ್ಲ.’ ಇದು ಅವಳ ಉತ್ತರ.

ಆಮೇಲೆ ಅಜ್ಜಿಯ ಕೊನೆ ಹೇಳಿದೆ. ಟಿವಿಯಲ್ಲಿ ಇಷ್ಟೇ ಇರುವುದು, ನನ್ನ ಅಜ್ಜಿ ಇನ್ನೂ ಸ್ವಲ್ಪ ಹೇಳುತ್ತಿದ್ದರು ಅಂತ. ಚಿಕ್ಕ ರೈಲು ಅವಳಿಗೆ ಗೊತ್ತಿರಲಿಲ್ಲ. ಹಿಂದೆ ಬಂಗಾರಪೇಟೆಯಿಂದ ಕೋಲಾರ, ಚಿಕ್ಕಬಳ್ಳಾಪುರದ ಕಡೆ ನ್ಯಾರೋ ಗೇಜ್ ಹಳಿ ಇತ್ತು, ಬೋಗಿಗಳು ಸಣ್ಣವು, ನಿಧಾನಕ್ಕೆ ಹೋಗುತ್ತಿತ್ತು ಅಂತ ಅಮ್ಮ ಹೇಳಿದರು. ಮಗಳು ಪೂರ್ತಿ ಕೇಳಿಸಿಕೊಂಡು ಒಂದು ತಕರಾರು ತೆಗೆದಳು: ‘ಜ್ವರ ವಾಸಿ ಆದ್ಮೇಲೆ? ಮತ್ತೆ ಅಪ್ಪ ಲೇಟಾಗೇ ಬರ್ತಾನಲ್ಲ.’

ಇದಕ್ಕೆ ಅಜ್ಜಿಯ ಕಥೆಯಲ್ಲೂ ಉತ್ತರ ಇಲ್ಲ, ನಾರಾಯಣ್ ಅವರ ಕಥೆಯಲ್ಲೂ ಇಲ್ಲ.

ಆಮೇಲೆ ಆದ ಬದಲಾವಣೆ

ಆ ರಾತ್ರಿ ಅಮ್ಮನ ಹತ್ತಿರ ಮಾತಾಡಿದೆ. ಮಗಳು ಎಚ್ಚರ ಇರುವುದು ಅವರಿಗೆ ಗೊತ್ತಿತ್ತು. ‘ಹೇಳಿದ್ರೆ ನೀನು ರೈಲಲ್ಲಿ ಕೂತು ಅಳ್ತೀಯ ಅಂತ ಹೇಳ್ಲಿಲ್ಲ’ ಅಂದರು. ಅವರು ಯಾರ ಮಗಳು ಅಂತ ನನಗೆ ಚೆನ್ನಾಗಿ ಗೊತ್ತು. ನೋವಾಗುವ ಕೊನೆಯನ್ನು ತಮ್ಮಲ್ಲೇ ಇಟ್ಟುಕೊಳ್ಳುವುದು ಅವರಿಗೆ ತಾಯಿಯಿಂದ ಬಂದದ್ದು.

ಕೆಲಸ ಬಿಡುವ ಸ್ಥಿತಿಯಲ್ಲಿ ನಾನಿಲ್ಲ. ರೈಲಿನ ಹೊತ್ತು ನನ್ನ ಕೈಯಲ್ಲಿಲ್ಲ. ಆದರೂ ಕೆಲವು ವಿಷಯ ನಮ್ಮ ಕೈಯಲ್ಲಿದ್ದವು. ವಾರಕ್ಕೊಂದು ದಿನ ಬೇಗ ಬಂದು ಬೇಗ ಹೊರಡುತ್ತೇನೆ ಅಂತ ಆಫೀಸಿನಲ್ಲಿ ಕೇಳಿದೆ, ಒಪ್ಪಿದರು. ಉಳಿದ ದಿನ ಮಾಲೂರು ದಾಟಿದ ಮೇಲೆ ಮನೆಗೆ ಫೋನ್ ಮಾಡುತ್ತೇನೆ. ಅಮ್ಮ ಸ್ಪೀಕರ್ ಹಾಕಿ ಮಗಳ ಪಕ್ಕ ಇಡುತ್ತಾರೆ. ಅವಳು ಮಾತಾಡಿದರೂ ಸರಿ, ಬಿಟ್ಟರೂ ಸರಿ. ಹೆಚ್ಚಿನ ದಿನ ಟೇಕಲ್ ಬರುವಷ್ಟರಲ್ಲಿ ನಿಜವಾದ ನಿದ್ದೆ ಬಂದಿರುತ್ತದೆ. ಮನೆಗೆ ಬಂದಾಗ ನಾನು ಮೊದಲಿನ ಹಾಗೆ ಪಕ್ಕದಲ್ಲಿ ಕೂರುತ್ತೇನೆ, ಆದರೆ ಈಗ ಬಾಯಿ ಬಿಟ್ಟು ಮಾತಾಡುತ್ತೇನೆ. ಇವತ್ತು ರೈಲಿನಲ್ಲಿ ಏನಾಯಿತು, ಯಾರು ಸಿಕ್ಕರು, ಯಾಕೆ ತಡ ಆಯಿತು ಅಂತ ಹೇಳುತ್ತೇನೆ. ಎಚ್ಚರ ಇದ್ದರೆ ಕೇಳಿಸಿಕೊಳ್ಳಲಿ. ಕೋಪ ಬಂದಿದ್ದರೆ ಬೆಳಿಗ್ಗೆ ನನ್ನ ಟಿಫಿನ್ ಚೀಲದಲ್ಲಿ ಒಂದು ಚೀಟಿ ಇರುತ್ತದೆ. ಆರ್.ಕೆ. ಲಕ್ಷ್ಮಣ್ ಅವರ ಗೆರೆಗಳನ್ನು ನೋಡಿ ಚಿತ್ರ ಬರೆಯುವ ಹುಚ್ಚು ಅವಳಿಗೆ ಹತ್ತಿದೆ. ಹಾಗಾಗಿ ಚೀಟಿಯಲ್ಲಿ ಅಕ್ಷರಕ್ಕಿಂತ ಮುಖವೇ ಜಾಸ್ತಿ. ಹುಬ್ಬು ಗಂಟಿಕ್ಕಿದ ಮುಖ ಒಂದು, ಕೆಳಗೆ ಉದ್ದನೆಯ ರೈಲು.

ಎಲ್ಲ ಸರಿಹೋಗಿದೆ ಅಂತ ನಾನು ಹೇಳುತ್ತಿಲ್ಲ. ಅವಳಿಗೆ ಬೇಸರ ಇದೆ, ಇರುತ್ತದೆ. ನನಗೂ ಇದೆ. ಆದರೆ ಅದು ಈಗ ಇಬ್ಬರಿಗೂ ಗೊತ್ತಿರುವ ವಿಷಯ.

ಬೇರೆಯವರಿಗೆ ಇದರಿಂದ ಏನು?

ನೀವು ನಿಮ್ಮ ಮಕ್ಕಳಿಗೆ ಹಳೇ ಧಾರಾವಾಹಿ ತೋರಿಸಲು ಹೊರಟಿದ್ದರೆ, ಮೊದಲು ನೀವೊಬ್ಬರೇ ನೋಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಹೊಡೆತ, ಬೈಗುಳ ಇದೆಯಾ ಅಂತ ನೋಡಲು ಮಾತ್ರ ಅಲ್ಲ. ನಿಮ್ಮ ನೆನಪಿನಲ್ಲಿ ಇರುವುದರಲ್ಲಿ ಎಷ್ಟು ಟಿವಿಯದ್ದು, ಎಷ್ಟು ಪಕ್ಕದಲ್ಲಿ ಕೂತಿದ್ದವರದ್ದು ಅಂತ ಆಗಲೇ ಗೊತ್ತಾಗುವುದು. ನನ್ನ ಪೀಳಿಗೆಯವರಿಗೆ ಇದು ಇನ್ನೂ ಮುಖ್ಯ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹಿಂದಿ ಧಾರಾವಾಹಿಗಳನ್ನು ಹಿಂದಿ ಬಾರದವರೇ ಗುಂಪಾಗಿ ಕೂತು ನೋಡಿದ್ದು. ಯಾರೋ ಒಬ್ಬರು ಕಥೆ ಹೇಳುತ್ತಿದ್ದರು. ಆ ಮಾತುಗಳು ಯಾವ ಟೇಪಿನಲ್ಲೂ ಉಳಿದಿಲ್ಲ. ನಿಮಗೆ ನೆನಪಿದ್ದರೆ ಈಗಲೇ ಬರೆದಿಡಿ, ಮನೆಯಲ್ಲಿ ಹಿರಿಯರು ಇದ್ದರೆ ಕೇಳಿ.

ಮಗು ನಿಲ್ಲಿಸು ಅಂದಾಗ ನಿಲ್ಲಿಸಿ. ನಮ್ಮ ಕಾಲದಲ್ಲಿ ಅದು ಆಗುತ್ತಿರಲಿಲ್ಲ, ಕಂತು ಅದರ ಪಾಡಿಗೆ ಓಡುತ್ತಿತ್ತು. ಮಲಗಿದ ಶಾಂತಾಳ ಮುಖ ಪರದೆಯ ಮೇಲೆ ಅಷ್ಟು ಹೊತ್ತು ನಿಲ್ಲದಿದ್ದರೆ ನನ್ನ ಮಗಳು ತನ್ನ ವಿಷಯ ಹೇಳುತ್ತಿದ್ದಳೋ ಇಲ್ಲವೋ. ‘ನಮ್ಮ ಕಾಲದಲ್ಲಿ ಹೀಗಿತ್ತು’ ಅನ್ನುವ ಮಾತು ಕಡಿಮೆ ಇರಲಿ, ‘ನಿಂಗೆ ಏನನ್ಸುತ್ತೆ’ ಜಾಸ್ತಿ ಇರಲಿ. ಅವಳ ಓದು ತಪ್ಪು ಅನ್ನಿಸಿದರೂ ತಿದ್ದಲು ಹೋಗಬೇಡಿ. ಶಾಂತಾ ನಿಜವಾಗಿ ಮಲಗಿದ್ದಾಳೆ ಅಂತಲೇ ನನಗೆ ಈಗಲೂ ಕಾಣುವುದು. ಆದರೆ ಮೂಲ ಕಥೆಯಲ್ಲಿ ಆ ಮಗು ಕಾಲು ಝಾಡಿಸುವ ಸಾಲನ್ನು ಮತ್ತೆ ಓದಿದಾಗ, ಮಗಳ ಮಾತಿನಲ್ಲೂ ಹುರುಳಿದೆ ಅನ್ನಿಸಿತು.

ಇತ್ತೀಚೆಗೆ ಪಕ್ಕದ ಮನೆಯ ಹುಡುಗನಿಗೆ ಅವಳು ಇದೇ ಕಥೆ ಹೇಳುತ್ತಿದ್ದಳು. ಅದರಲ್ಲಿ ಶಾಂತಾ ದಾರಿ ತಪ್ಪುವುದಿಲ್ಲ. ಶಂಕರ್‌ನಾಗ್ ಚಿತ್ರ ಇರುವ ಆಟೋ ಹತ್ತಿ ಸ್ಟೇಷನ್ನಿಗೆ ಹೋಗುತ್ತಾಳೆ, ರೈಲು ಹಿಡಿದು ಆಫೀಸಿಗೆ ಹೋಗುತ್ತಾಳೆ, ಅಪ್ಪನ ಪಕ್ಕ ಕೂತು ಲೆಕ್ಕ ಬೇಗ ಮುಗಿಸಿಕೊಡುತ್ತಾಳೆ. ಸಾವ್ಕಾರನಿಗೆ ಅವಳೂ ಜ್ವರ ಬರಿಸಿದ್ದಾಳೆ, ಆದರೆ ಸ್ವಲ್ಪ ಮಾತ್ರ. ನಾನು ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಅಜ್ಜಿಯ ಕೊನೆಯ ಕೆಳಗೆ ಬರೆದಿಟ್ಟಿದ್ದೇನೆ.

ಬರುವ ಭಾನುವಾರಕ್ಕೆ ಪೋಸ್ಟ್‌ಮ್ಯಾನ್ ತಾನಪ್ಪನ ಕಥೆ. ಒಂದು ಮನೆಯಲ್ಲಿ ಮದುವೆ. ಅದೇ ಹೊತ್ತಿಗೆ ಆ ಮನೆಗೆ ಸಾವಿನ ಸುದ್ದಿ ಬರುತ್ತದೆ. ಕೊಟ್ಟರೆ ಮದುವೆ ನಿಲ್ಲುತ್ತದೆ ಅಂತ ತಾನಪ್ಪ ಅದನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುತ್ತಾನೆ, ಮದುವೆ ಆದ ಮೇಲೆ ತಂದು ಕೊಡುತ್ತಾನೆ. ಅವನು ಮಾಡಿದ್ದು ಸರಿಯಾ ಅಂತ ಮಗಳು ಕೇಳೇ ಕೇಳುತ್ತಾಳೆ. ಅಮ್ಮ ಈಗಾಗಲೇ ತಾನಪ್ಪನ ಪಕ್ಷ. ನನಗೂ ಒಂದು ಅಭಿಪ್ರಾಯ ಇದೆ, ಆದರೆ ಮೊದಲು ಅವಳದ್ದು ಕೇಳಬೇಕು.